ಗಿಡುಗಕ್ಕೆ ಉಣಬಡಿಸಿದ್ದು

ಸ್ವೀಡನ್ನಿನ ಲುಂಡ್‌ಗೆ ಹೋಗಿ ಏನೇನು ನೋಡಿದಿರಿ ಎಂದು ನಮ್ಮ ಖಾನಾವಳಿಗೆ ಬರುವವರೆಲ್ಲ ಕೇಳುತ್ತಾರೆ. ದೊಡ್ಡ ಚರ್ಚು ನೋಡಿದೆ, ಎಣಿಸಲಾರದಷ್ಟು ಸೈಕಲ್ಲು ನೋಡಿದೆ, ನಡುಮಧ್ಯಾಹ್ನವೂ ನೆತ್ತಿಗೇರದ ಸೂರ್ಯನನ್ನು ನೋಡಿದೆ ಎಂದು ಹೇಳಿ ಸಾಗಹಾಕುತ್ತೇನೆ. ನಿಜ ಹೇಳಬೇಕೆಂದರೆ ಹದಿನೆಂಟು ದಿನಗಳ ಆ ಪ್ರವಾಸದಲ್ಲಿ ಮೂರು ದಿನ ನಾನು ನೋಡಿದ್ದು ಒಂದೇ ಮರ. ಆ ಮರದ ಮೇಲೆ ಒಂದು ಗಿಡುಗ ಕೂತಿತ್ತು. ಅದು ಕೆಳಗಿಳಿಯದಿದ್ದುದಕ್ಕೆ ಕಾರಣ ನಾನು.

ಶುಕ್ರವಾರ, ಮನೆ ಎದುರಿನ ಬಸ್‌ಸ್ಟಾಪು

ಹುಬ್ಬಳ್ಳಿಯಲ್ಲಿ ನನ್ನದೊಂದು ಲಿಂಗಾಯತ ಖಾನಾವಳಿ. ಮೊಟ್ಟೆಯ ಚಿಪ್ಪು ಕೂಡ ಅದರ ಹೊಸ್ತಿಲು ದಾಟಿಲ್ಲ. ಇಪ್ಪತ್ತೆರಡು ವರ್ಷಗಳಿಂದ ನನ್ನ ಕೆಲಸ ಒಂದೇ, ಬಂದವರ ತಟ್ಟೆ ಬರಿದಾಗದಂತೆ ನೋಡಿಕೊಳ್ಳುವುದು. ಸಾಕ್ರಿ ಸಾಕ್ರಿ ಎಂದು ತಟ್ಟೆಯ ಮೇಲೆ ಕೈ ಅಡ್ಡ ಹಿಡಿದವರ ಬೆರಳ ಸಂದಿಯಲ್ಲೂ ಸಾರು ಬಿಟ್ಟವಳು ನಾನು. ಇಂಥ ನನ್ನನ್ನು ತಂಗಿ ಶೈಲಾ ಬಲವಂತದಿಂದ ವಿಮಾನ ಹತ್ತಿಸಿದಳು. ಅವಳು ಲುಂಡ್‌ನ ವಿಶ್ವವಿದ್ಯಾಲಯದ ಲ್ಯಾಬೊಂದರಲ್ಲಿ ಹನ್ನೆರಡು ವರ್ಷದಿಂದ ಕೆಲಸಕ್ಕಿದ್ದಾಳೆ.

ಹನ್ನೆರಡು ವರ್ಷದಲ್ಲಿ ಅವಳ ಕನ್ನಡಕ್ಕೆ ಏನೋ ಆಗಿದೆ. ಅಲ್ಲಿ ಇರುವ ಕನ್ನಡದವರು ಹೆಚ್ಚಾಗಿ ಬೆಂಗಳೂರಿನ ಕಂಪ್ಯೂಟರ್ ಮಂದಿ. ಅವರ ನಡುವೆ ಇದ್ದು ಇದ್ದು ಇವಳೂ "ಹೌದಾ, ಬನ್ನಿ, ಕೂತ್ಕೊಳ್ಳಿ" ಎಂದು ಮೆತ್ತಗೆ ಮಾತಾಡಲು ಕಲಿತಿದ್ದಾಳೆ. ಸಿಟ್ಟು ಬಂದಾಗ ಮಾತ್ರ ಒಳಗಿನ ಹುಬ್ಬಳ್ಳಿ ಹೊರಗೆ ಬರುತ್ತದೆ. ಹಾಗಾಗಿ ನಾನು ಬಂದ ದಿನದಿಂದ ಅವಳಿಗೆ ಸಿಟ್ಟು ಬರಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ.

ಆ ದಿನ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಅಲ್ಲಿ ಬಸ್ಸಿಗೆ ಕಾಯುವವರು ಒಬ್ಬರಿಂದೊಬ್ಬರು ಎರಡು ಮಾರು ದೂರ ನಿಲ್ಲುತ್ತಾರೆ, ಜಗಳ ಆಡಿದವರ ಹಾಗೆ. ಆಗ ನೋಡಿ, ತಲೆಯ ಮೇಲೆಯೇ ಒಂದು ದೊಡ್ಡ ಹಕ್ಕಿ ರೆಕ್ಕೆ ಬಡಿಯದೆ ತೇಲಿಕೊಂಡು ಬಂತು. ಕೆಂಪು ಮೈ, ಕವಲೊಡೆದ ಬಾಲ. ನಮ್ಮ ಎಪಿಎಂಸಿ ಮೇಲೆ ಸುತ್ತುವ ಹದ್ದಿನ ಠೀವಿ, ಗರುಡನ ಬಣ್ಣ. ನಾವು ಶಿವನ ಕಡೆಯವರು, ಗರುಡನಿಗೂ ನಮಗೂ ಅಷ್ಟಕ್ಕಷ್ಟೆ. ಆದರೂ ಕೈ ತಾನಾಗಿಯೇ ಮೇಲೆ ಹೋಯಿತು, ಮುಗಿದು ಎರಡೂ ಕೆನ್ನೆ ಮುಟ್ಟಿಕೊಂಡೆ.

"ಅಕ್ಕಾ, ಏನ್ ಮಾಡ್ತಿದೀಯಾ? ಜನ ನೋಡ್ತಾರೆ" ಎಂದು ಶೈಲಾ ಸೀರೆ ಜಗ್ಗಿದಳು.

ಜನ ನೋಡಿಯೇ ಬಿಟ್ಟಿದ್ದರು. ಪಕ್ಕದ ಮನೆಯ ಕರೀನ್ ಎಂಬಾಕೆ, ಅರವತ್ತು ದಾಟಿದವಳು, ತೆಂಗಿನ ದೋಟಿಯಷ್ಟು ಉದ್ದದವಳು, ಎರಡು ಮಾರಿನ ಅಂತರವನ್ನು ಒಂದೇ ಹೆಜ್ಜೆಗೆ ದಾಟಿ ಬಂದಳು. ಆ ಹಕ್ಕಿಗೆ ಯಾಕೆ ಕೈ ಮುಗಿದೆ ಎಂದು ಕೇಳಿದಳು. ನಮ್ಮಲ್ಲಿ ಇಂಥದ್ದನ್ನು ಕಂಡರೆ ಒಳ್ಳೆಯದಾಗುತ್ತದೆ ಎಂದು ಶೈಲಾ ಸ್ವೀಡಿಷ್‌ನಲ್ಲಿ ಹೇಳಿರಬೇಕು. ಕರೀನ್ ಮುಖ ಅರಳಿತು. ಅದು ಗ್ಲಾದಾ ಎಂಬ ಹದ್ದು, ಒಂದು ಕಾಲಕ್ಕೆ ಇಲ್ಲಿ ಮುಗಿದೇಹೋಗುವುದರಲ್ಲಿತ್ತು, ಈಗ ಮತ್ತೆ ಆಕಾಶ ತುಂಬಿದೆ, ಆದರೆ ಈ ಊರಿನವರು ತಲೆ ಎತ್ತಿ ನೋಡುವುದೇ ಇಲ್ಲ ಎಂದಳು. ಕೊನೆಗೆ ನನ್ನತ್ತ ತಿರುಗಿ ನಿಧಾನದ ಇಂಗ್ಲಿಷಿನಲ್ಲಿ, "ನನ್ನ ಹತ್ತಿರ ಒಂದು ಗಿಡುಗ ಇದೆ. ನಾಳೆ ಎಂಟೂವರೆಗೆ ಬನ್ನಿ" ಎಂದಳು.

ಬಸ್ಸಿನಲ್ಲಿ ಶೈಲಾ ಬೆರಗಿನಿಂದ ಕೂತಿದ್ದಳು. "ಹನ್ನೆರಡು ವರ್ಷ ಅಕ್ಕಾ! ಹನ್ನೆರಡು ವರ್ಷದಲ್ಲಿ ಹೇಯ್ ಅನ್ನೋದು ಬಿಟ್ಟು ನನ್ನ ಜೊತೆ ಒಂದು ಮಾತಾಡಿಲ್ಲ ಅವಳು. ನೀನು ಬಂದು ಆರು ದಿನ, ಮನೆಗೆ ಕರೆದುಬಿಟ್ಟಳಲ್ಲ! ದಯವಿಟ್ಟು ನಾಳೆ ಏನೂ ಎಡವಟ್ಟು ಮಾಡ್ಬೇಡ."

ಮಾಡುವುದಿಲ್ಲ ಎಂದು ಮಾತು ಕೊಟ್ಟೆ.

ಶನಿವಾರ ಬೆಳಿಗ್ಗೆ, ಕರೀನ್ ಹಿತ್ತಿಲು

ಎಂಟು ಇಪ್ಪತ್ತೈದಕ್ಕೆ ಅವಳ ಗೇಟಿನ ಮುಂದೆ ಇದ್ದೆವು. ಐದು ನಿಮಿಷ ಮುಂಚೆ ಹೋಗುವುದೂ ಅಲ್ಲಿ ತಪ್ಪಂತೆ, ಶೈಲಾ ನನ್ನನ್ನು ಚಳಿಯಲ್ಲೇ ನಿಲ್ಲಿಸಿದಳು. ಅಕ್ಟೋಬರ್ ತಿಂಗಳು. ಇಳಕಲ್ ಸೀರೆಯ ಮೇಲೆ ಶೈಲಾಳ ಗಂಡನ ಜಾಕೀಟು, ಕಾಲಿಗೆ ಅವಳದೇ ರಬ್ಬರ್ ಬೂಟು. ನನ್ನನ್ನು ಆ ವೇಷದಲ್ಲಿ ದುರ್ಗದ ಬೈಲಿನಲ್ಲಿ ನಿಲ್ಲಿಸಿದ್ದರೆ ಸಂಚಾರ ನಿಲ್ಲುತ್ತಿತ್ತು.

ಹಿತ್ತಿಲಿನ ಹುಲ್ಲಿನ ಮೇಲೆ ಒಂದು ಕಂಬಿ, ಕಂಬಿಯ ಮೇಲೆ ಅದು. ಹ್ಯಾರಿಸ್ ಗಿಡುಗ ಎಂಬ ಜಾತಿ. ಮೂಲ ಅಮೆರಿಕದ ಬಿಸಿಲು ನಾಡಿನದು, ಆದರೆ ಇದು ಇಲ್ಲಿಯೇ ಮರಿಯಿಂದ ಬೆಳೆದದ್ದು. ಹೆಸರು ಸಿಗ್ನೆ. ಕಾಫಿಪುಡಿಯ ಬಣ್ಣದ ಮೈ, ಹೆಗಲಿಗೆ ಇಟ್ಟಿಗೆಯ ಕೆಂಪು, ಅರಿಸಿನ ಹಚ್ಚಿದ ಮದುಮಗಳ ಹಾಗೆ ಹಳದಿ ಕಾಲು. ಕಣ್ಣು ಮಾತ್ರ ಬಡ್ಡಿ ವಸೂಲಿಗೆ ಬಂದವರ ಕಣ್ಣು. ಅದರ ನೋಟ ನನ್ನ ಮೇಲಿಂದ ಕೆಳಗೆ ಇಳಿದು ಬೂಟಿನ ಹತ್ತಿರ ನಿಂತುಬಿಟ್ಟಿತು.

ಕರೀನ್ ಚರ್ಮದ ದಪ್ಪ ಕೈಗವಸು ಹಾಕಿಕೊಂಡು ಅದನ್ನು ಕೈಮೇಲೆ ಹತ್ತಿಸಿಕೊಂಡಳು. ನೇರ ತಕ್ಕಡಿಗೆ ಒಯ್ದಳು. ಹೌದು, ಹಕ್ಕಿಗೂ ತಕ್ಕಡಿ! ಅಡುಗೆಮನೆಯ ತಕ್ಕಡಿಗೆ ಕೂರಲು ಒಂದು ಕೋಲು ಸಿಕ್ಕಿಸಿದ್ದಳು. ಒಂಬೈನೂರ ಇಪ್ಪತ್ತು ಗ್ರಾಂ. ಅದನ್ನು ಗೋಡೆಯ ಹಲಗೆಯ ಮೇಲೆ ಬರೆದು, ಶೈಲಾಳಿಗೆ ಸ್ವೀಡಿಷ್‌ನಲ್ಲಿ ಐದು ನಿಮಿಷ ಏನೇನೋ ವಿವರಿಸಿದಳು. ಬೆರಳು ಮಡಚಿ, ಹೊಟ್ಟೆ ಮುಟ್ಟಿ, ಆಕಾಶ ತೋರಿಸಿ.

"ಏನಂದ್ಲ?" ಎಂದೆ.

"ನಿನ್ನೆ ಮಧ್ಯಾಹ್ನದಿಂದ ಅದಕ್ಕೆ ಏನೂ ಕೊಟ್ಟಿಲ್ವಂತೆ. ಹಾರಿಸಿ ಆದ್ಮೇಲೆ ಊಟ" ಎಂದಳು ಶೈಲಾ.

ಐದು ನಿಮಿಷದ ಮಾತನ್ನು ಒಂದು ಸಾಲು ಮಾಡುವ ಅಭ್ಯಾಸ ಅವಳಿಗೆ ಯಾವಾಗ ಬಂತೋ! ಮುಂದಿನ ಅನಾಹುತಕ್ಕೆಲ್ಲ ಆ ಒಂದು ಸಾಲೇ ಮೂಲ ಎಂದು ನಾನು ಇಂದಿಗೂ ಅವಳೊಡನೆ ವಾದಿಸುತ್ತೇನೆ.

ಮಿಕ್ಕ ವಿಷಯವನ್ನು ಕರೀನ್ ನನಗೆ ಅರ್ಥವಾಗುವ ಇಂಗ್ಲಿಷಿನಲ್ಲಿ ಹೇಳಿದಳು. ಅವಳ ಹಳೆಯ ಗಿಡುಗ ಹದಿನಾಲ್ಕು ವರ್ಷ ಜೊತೆಗಿದ್ದು ಕಳೆದ ಚೈತ್ರದ ಹೊತ್ತಿಗೆ ಸತ್ತಿತು. ಇನ್ನು ಸಾಕು ಎಂದುಕೊಂಡವಳು ಮನಸ್ಸು ತಡೆಯದೆ ಈ ಮರಿಯನ್ನು ತಂದಳು. ಬೇಸಗೆಯಿಡೀ ಕಾಲಿಗೆ ಉದ್ದದ ದಾರ ಕಟ್ಟಿ ಹಾರಲು, ಕರೆದರೆ ಬರಲು ಕಲಿಸಿದ್ದಾಳೆ. ಇಂದು ಮೊದಲ ಸಲ ದಾರವಿಲ್ಲದೆ ಬಿಡುವ ದಿನ. ಬಂದರೆ ಮುಂದಿನ ತಿಂಗಳಿನಿಂದ ಕೊಮ್ಮೂನ್ ಎಂಬ ಅಲ್ಲಿನ ನಗರಸಭೆಯವರ ಕೆಲಸ, ಅಂದರೆ ಉದ್ಯಾನದ ಮರಗಳಲ್ಲಿ ಬೀಡುಬಿಟ್ಟ ಕಾಗೆಗಳನ್ನು ಸಿಗ್ನೆಯ ಕೈಯಿಂದ ಚದುರಿಸುವುದು. ಬಾರದಿದ್ದರೆ? ಬಿಸಿಲು ನಾಡಿನ ಹಕ್ಕಿ ಇಲ್ಲಿನ ಚಳಿಗಾಲದಲ್ಲಿ ಹೊರಗೆ ಉಳಿಯುವುದಿಲ್ಲ ಎಂದಳು.

ಆಮೇಲೆ ಫೀಕಾ. ಎಂದರೆ ಕಾಫಿ ಮತ್ತು ತಿಂಡಿಯ ಹೊತ್ತು. ಏಲಕ್ಕಿ ಬನ್ನು, ಏನು ಘಮ ಅಂತೀರಿ! ಮೂವರಿಗೆ ಮೂರು. ತಟ್ಟೆಯಲ್ಲಿ ನಾಲ್ಕನೆಯದು ಇರಲಿಲ್ಲ. ನನ್ನ ಖಾನಾವಳಿಯಲ್ಲಿ ತಟ್ಟೆಯಲ್ಲಿ ನಾಲ್ಕನೆಯದು ಇಲ್ಲದಿದ್ದರೆ ಅಡುಗೆಯವನಿಗೆ ಬೈಗುಳ. ಮನುಷ್ಯರಿಗೆ ಎಣಿಕೆ, ಹಕ್ಕಿಗೆ ತೂಕ, ಶಿವನೇ ಎಂಥ ಊರಪ್ಪ ಇದು ಎಂದುಕೊಂಡೆ.

ಅದೇ ದಿನ, ಕಾರಿನ ಹಿಂದಿನ ಸೀಟು

ಊರಾಚೆ ಸಕ್ಕರೆ ಗಡ್ಡೆಯ ಹೊಲಗಳು. ಬೀಟ್‌ರೂಟಿನ ಬಿಳಿ ಅಣ್ಣನಂಥದ್ದು, ನಮ್ಮಲ್ಲಿ ಕಬ್ಬಿನ ಹಾಗೆ ಅಲ್ಲಿ ಇದನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಹೋಗುತ್ತಾರೆ, ದಾರಿಗೆಲ್ಲ ಉದುರಿಸುತ್ತಾರೆ. ಹೊಲದ ಬದುವಿನಲ್ಲಿ ಎತ್ತರದ ಪಾಪ್ಲರ್ ಮರಗಳ ಸಾಲು. ಕಾರು ಅಲ್ಲಿ ನಿಂತಿತು. ಪಕ್ಕದ ತೋಟದ ಮನೆಯಲ್ಲಿ ನಾಯಿ ಇದೆ, ಕಟ್ಟಿಹಾಕಲು ಹೇಳಿ ಬರುತ್ತೇವೆ ಎಂದು ಕರೀನ್, ಶೈಲಾ ಇಬ್ಬರೂ ನಡೆದರು. ನನ್ನನ್ನು ಕಾರಿನಲ್ಲಿ ಬಿಟ್ಟರು. ನನ್ನ ಪಕ್ಕದಲ್ಲಿ ಮರದ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಸಿಗ್ನೆ, ಬೆನ್ನಿಗೆ ಎಲ್ಲಿದೆ ಎಂದು ಹೇಳುವ ಸಣ್ಣ ಯಂತ್ರ ಕಟ್ಟಿಸಿಕೊಂಡು ಸಿದ್ಧವಾಗಿ ಕೂತಿದೆ.

ಮೊದಲು ಸುಮ್ಮನಿತ್ತು. ಆಮೇಲೆ ಒಳಗಿನಿಂದ ಕರ್ ಎಂದು ಒಂದು ಸ್ವರ. ಮತ್ತೆ ಕರ್. ಅದೇನು ಸಿಟ್ಟೋ ಸಂತೋಷವೋ ನನಗೇನು ಗೊತ್ತು? ನನ್ನ ಕಿವಿಗೆ ಅದು "ಅವ್ವಾ, ಹಸಿವು" ಎಂದೇ ಕೇಳಿತು. ನಿನ್ನೆ ಮಧ್ಯಾಹ್ನದಿಂದ! ಖಾನಾವಳಿಯ ಬಾಗಿಲಲ್ಲಿ ಯಾರೇ ಬಂದು ನಿಂತರೂ ನಾನು ಬರಿ ಹೊಟ್ಟೆಯಲ್ಲಿ ಕಳಿಸಿದವಳಲ್ಲ. ಸೀಟಿನ ಮೇಲೆ ಮುಚ್ಚಳದ ಡಬ್ಬಿಯೂ ಇತ್ತು. ಹಾರಿದ ಮೇಲೆ ಕೊಡುವ ಊಟ ಅದರಲ್ಲಿದೆ ಎಂದು ಕರೀನ್ ತೋರಿಸಿದ್ದಳು.

ಮುಚ್ಚಳ ತೆಗೆದೆ. ಎವ್ವಾ! ನಾಲ್ಕು ಕೋಳಿಮರಿ. ಹಳದಿ, ಒಂದು ದಿನದ್ದು, ಸತ್ತವು. ಮುಚ್ಚಳ ಹಾಕಿಬಿಟ್ಟೆ. ಐದು ತಲೆಮಾರಿನ ಶಾಕಾಹಾರ ನನ್ನ ಬೆನ್ನ ಹಿಂದೆ ಸಾಲಾಗಿ ನಿಂತು ಗುರುಗುಟ್ಟಿತು. ಪೆಟ್ಟಿಗೆಯೊಳಗಿಂದ ಮತ್ತೆ ಕರ್.

ಏನು ಹೇಳಲಿ, ಫೀಕಾದ ಕಾಗದದ ಕರವಸ್ತ್ರ ಎರಡು ಪದರ ಮಡಚಿ, ಕಣ್ಣು ಅರ್ಧ ಮುಚ್ಚಿ, ಶಿವಶಿವಾ ಎನ್ನುತ್ತ ಒಂದು ಮರಿಯ ಕಾಲು ಹಿಡಿದು ಎತ್ತಿದೆ. ಪೆಟ್ಟಿಗೆಯ ಪಕ್ಕದಲ್ಲಿ ಗಾಳಿಗೆಂದು ಒಂದು ಸಣ್ಣ ಕಿಟಕಿ, ಜಾರಿಸಿ ತೆರೆಯಬಹುದಾದದ್ದು. ಒಳಗೆ ಹಿಡಿದೆ. ಟಪ್ಪೆಂದು ಕೈಯಿಂದ ಹೋಯಿತು. ಬೆರಳು ಎಣಿಸಿಕೊಂಡೆ, ಐದೂ ಇದ್ದವು. ಒಳಗೆ ಚಪ್ಪರಿಸುವ ಸದ್ದು ಕೇಳಿ ನನಗೆ ಎಷ್ಟು ಸಮಾಧಾನವಾಯಿತೆಂದರೆ, ಎರಡನೆಯದನ್ನು ಕರವಸ್ತ್ರದ ಒಂದೇ ಪದರದಲ್ಲಿ ಎತ್ತಿದೆ. ಮೂರನೆಯದಕ್ಕೆ ಬರಿಗೈ! ನಾಲ್ಕನೆಯದನ್ನು ಅದಕ್ಕೆ ಮಧ್ಯಾಹ್ನಕ್ಕೆ ಬೇಕಾದೀತೆಂದು ಇಟ್ಟೆ. ಕಿಟಕಿ ಮುಚ್ಚಿ, ಕೈ ಒರೆಸಿಕೊಂಡು, ಏನೂ ತಿಳಿಯದವಳಂತೆ ಹೊಲ ನೋಡುತ್ತ ಕೂತೆ. ಆ ಪುಣ್ಯದ ಖುಷಿಯಲ್ಲಿ ಸಣ್ಣಗೆ ವಚನವನ್ನೂ ಗುನುಗಿದೆ.

ಪಾಪ್ಲರ್ ಮರದ ಕೆಳಗೆ

ಕರೀನ್ ಬಂದಳು. ಹತ್ತು ಹೆಜ್ಜೆ ದೂರ ಪೆಟ್ಟಿಗೆ ಒಯ್ದು ಹುಲ್ಲಿನ ಮೇಲಿಟ್ಟು, ಕೈಗವಸು ಮುಂದೆ ಚಾಚಿ ಬಾಗಿಲು ತೆರೆದಳು. ದಿನವೂ ಬಾಗಿಲು ತೆರೆದೊಡನೆ ಕೈಮೇಲೆ ಜಿಗಿದು ಕೂರುತ್ತಿತ್ತಂತೆ. ಅಂದು ಆ ಕೈಯನ್ನು ಕಂಡೂ ಕಾಣದ ಹಾಗೆ ಅವಳ ತಲೆಯ ಮೇಲಿನಿಂದ ಹಾರಿ ಹೋಯಿತು. ಪಾಪ್ಲರ್ ಮರದ ನೆತ್ತಿಯ ಹತ್ತಿರ, ಎಲೆಗಳ ನಡುವೆ, ನಮಗೆ ಬೆನ್ನು ಹಾಕಿ ಕೂತಿತು.

ಕರೀನ್ ಸೀಟಿ ಊದಿದಳು. ಸೊಂಟದ ಚೀಲದಿಂದ ಮಾಂಸದ ಚೂರು ತೆಗೆದು ಕೈಗವಸಿನ ಮೇಲೆ ಹಿಡಿದಳು. ಮತ್ತೆ ಸೀಟಿ. ಹತ್ತು ನಿಮಿಷ, ಅರ್ಧ ಗಂಟೆ. ಸಿಗ್ನೆ ಗರಿ ಉಬ್ಬಿಸಿ, ಒಂದು ಕಾಲನ್ನು ಹೊಟ್ಟೆಯೊಳಗೆ ಎಳೆದುಕೊಂಡಿತು.

ಆ ಕೂರುವಿಕೆ ನನಗೆ ಗೊತ್ತು ಕಣ್ರೀ! ಹೋಳಿಗೆ ಊಟ ಮಾಡಿದ ನಮ್ಮ ಗಿರಾಕಿಗಳು ಕಟ್ಟೆಯ ಮೇಲೆ ಕೂರುವುದು ಥೇಟ್ ಹಾಗೆಯೇ.

"ಶೈಲಿ, ಅದು ಯಾಕ ಬರವಲ್ದು?" ಎಂದೆ, ದನಿ ಸಣ್ಣ ಮಾಡಿ.

"ಹಸಿವಿದ್ರೆ ಮಾತ್ರ ಬರೋದು ಅಕ್ಕಾ. ಅದಕ್ಕೇ ತೂಕ ನೋಡೋದು, ಹಸಿವು ಸರಿಯಾಗಿ ಇರ್ಬೇಕು, ಆದ್ರೆ ಸುಸ್ತಾಗಿರ್ಬಾರ್ದು. ಬೆಳಿಗ್ಗೆ ಅದನ್ನೇ ಅಲ್ವಾ ಅವಳು ಹೇಳಿದ್ದು?"

"ನೀ ನನಗ ಹೇಳಲಿಲ್ಲಲ್ಲಲೇ!"

"ಯಾಕೆ? ಏನಾಯ್ತು?"

ಹೇಳಿದೆ. ಮೂರು ಬೆರಳು ತೋರಿಸಿದೆ. ಶೈಲಾಳ ಮುಖ ಸುಣ್ಣ ಹಚ್ಚಿದ ಹಾಗಾಯಿತು, ಹನ್ನೆರಡು ವರ್ಷದ ಬೆಂಗಳೂರು ಕನ್ನಡ ಒಂದೇ ಏಟಿಗೆ ಉದುರಿಹೋಯಿತು. "ಯಕ್ಕಾ! ನಿನ್ನ ಕೈ ಸುಮ್ನ ಇರೂದಿಲ್ಲೇನ? ಇಲ್ಲೂ ಖಾನಾವಳಿ ತಗದಿಯೇನ? ಬಾಯಿ ಮುಚ್ಚಿ ನಿಂದ್ರು. ಒಂದ್ ಮಾತು ಹೇಳಬ್ಯಾಡ ಅಕಿಗೆ!"

ಸಿಟ್ಟು ಬರಿಸುವ ನನ್ನ ಉದ್ಯೋಗ ಅಷ್ಟು ಚೆನ್ನಾಗಿ ನಡೆದದ್ದು ಅಂದೇ. ಆದರೆ ಖುಷಿಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಮಧ್ಯಾಹ್ನ ಕಳೆಯಿತು. ಕರೀನ್ ಕೂಗಲಿಲ್ಲ, ಅಳಲಿಲ್ಲ, ಸೀಟಿ ಊದುತ್ತಲೇ ಇದ್ದಳು. ಮೂರು ಗಂಟೆಗೆ ಹುಲ್ಲಿನ ಮೇಲೆ ಕುಸಿದು ಕೂತಳು. ತಕ್ಕಡಿಯನ್ನು ನಾನೇ ತಪ್ಪಾಗಿ ನೋಡಿರಬೇಕು, ಕಣ್ಣು ಹೋಗಿದೆ, ಅಂದಾಜು ಹೋಗಿದೆ, ಹಳೆಯ ಹಕ್ಕಿಯ ಜೊತೆ ನನ್ನ ಕೆಲಸವೂ ಮುಗಿದಿತ್ತು, ಸುಮ್ಮನೆ ಒಂದು ಎಳೆಯ ಜೀವವನ್ನು ತಂದು ಚಳಿಗೆ ಬಲಿ ಕೊಟ್ಟೆ, ಸಿಕ್ಕರೂ ಇನ್ನು ಇದನ್ನು ಇಟ್ಟುಕೊಳ್ಳುವುದಿಲ್ಲ, ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದಳು. ಈ ಸಲ ಶೈಲಾ ಒಂದು ಸಾಲನ್ನೂ ಬಿಡದೆ ಕನ್ನಡದಲ್ಲಿ ಹೇಳಿದಳು.

ನನಗೆ ತಡೆಯಲಾಗಲಿಲ್ಲ. ಶೈಲಾ ಕೈ ಹಿಡಿದೆಳೆದರೂ ಕರೀನ್ ಎದುರು ಹೋಗಿ ನಿಂತೆ. ನನ್ನ ಇಂಗ್ಲಿಷಿನಲ್ಲಿ ಹಕ್ಕಿ, ನಾನು, ಊಟ, ಮೂರು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಡಬ್ಬಿ ತಂದು ಮುಚ್ಚಳ ತೆಗೆದು ಉಳಿದ ಒಂದನ್ನು ತೋರಿಸಿದೆ. ಆಮೇಲೆ, ನಗಬೇಡಿ, ಕೋಳಿಮರಿಯನ್ನು ಕಿಟಕಿಯೊಳಗೆ ಹಿಡಿಯುವುದು, ಗಿಡುಗ ನುಂಗುವುದು, ಹೊಟ್ಟೆ ಉಬ್ಬುವುದು, ಎಲ್ಲವನ್ನೂ ಆ ಹೊಲದ ಬದುವಿನಲ್ಲಿ ಅಭಿನಯಿಸಿ ತೋರಿಸಿದೆ. ಒಂದು ಕಾಲು ಮೇಲೆತ್ತಿ ನಿಂತೂ ತೋರಿಸಿದೆ.

ಕರೀನ್ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು. ದುರ್ಬೀನು ಎತ್ತಿ ಮರದತ್ತ ಹಿಡಿದು ಕಾದಳು. ಎಷ್ಟೋ ಹೊತ್ತಿನ ಮೇಲೆ ಸಿಗ್ನೆ ಈ ಕಡೆ ತಿರುಗಿತು. ದುರ್ಬೀನನ್ನು ನನ್ನ ಕಣ್ಣಿಗೆ ಹಿಡಿದಳು ಕರೀನ್. ಗಿಡುಗದ ಕೊರಳ ಕೆಳಗೆ ಗಜನಿಂಬೆ ಗಾತ್ರದ ಗಂಟು, ನುಂಗಿದ ಮರಿಗಳು ಇನ್ನೂ ಅಲ್ಲೇ ಕೂತಿದ್ದವು.

ನನ್ನ ಕಿವಿಯ ಪಕ್ಕದಲ್ಲಿ ಏನೋ ಸದ್ದು. ಅಳುತ್ತಿದ್ದಾಳೆ ಎಂದುಕೊಂಡು ತಿರುಗಿದರೆ ಆ ತೆಂಗಿನ ದೋಟಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು! ಶೈಲಾಳಿಗೆ ಏನೇನೋ ಹೇಳಿ ಮತ್ತೆ ನಗು.

"ಏನಂದ್ಲ? ಪೂರ್ತಿ ಹೇಳಲೇ!"

"ತಕ್ಕಡಿ ಸರಿ ಇದೆ, ಕಣ್ಣೂ ಸರಿ ಇದೆ ಅಂತಿದಾಳೆ. ಹೊಟ್ಟೆ ತುಂಬಿದ ಗಿಡುಗ ದೂರ ಹೋಗಲ್ವಂತೆ, ನಿದ್ದೆ ಮಾಡತ್ತಂತೆ. ಆದ್ರೆ ಹಸಿವಾಗೋವರೆಗೂ ಕಾಯ್ಬೇಕು. ನಾಳೆ ಆಗ್ಬಹುದು, ನಾಡಿದ್ದು ಆಗ್ಬಹುದು. ಅಷ್ಟರಲ್ಲಿ ಬೇರೆ ಯಾವ್ದೂ ಅದನ್ನ ಹೆದರಿಸಿ ಓಡಿಸ್ಬಾರ್ದು. ಓಡಿಸಿದ್ರೆ..." ಎಂದು ನಿಲ್ಲಿಸಿದಳು ಶೈಲಾ. "ಮತ್ತೆ ನೀನು ಬಂದು ಕಾಯ್ಬೇಕಂತೆ."

ಭಾನುವಾರ, ಕಾವಲು

ಬೆಳಕು ಹರಿಯುವ ಹೊತ್ತಿಗೆ ಮೂವರೂ ಮರದ ಕೆಳಗಿದ್ದೆವು. ಸಿಗ್ನೆ ಅಲ್ಲೇ ಇತ್ತು. ಹಾಗಾದರೆ ಸುಲಭ ಎಂದುಕೊಳ್ಳಬೇಡಿ. ಏಳು ಗಂಟೆಗೆ ಕಾಗೆಗಳು ಬಂದವು. ಗಿಡುಗವನ್ನು ಕಂಡರೆ ಕಾಗೆಗಳಿಗೆ ಎಲ್ಲ ದೇಶದಲ್ಲೂ ಒಂದೇ ಬುದ್ಧಿ, ಸುತ್ತ ಮುತ್ತಿ ಕಾ ಕಾ ಎಂದು ತಲೆ ಕುಕ್ಕಲು ಎರಗುವುದು. ಸಿಗ್ನೆ ತಲೆ ತಗ್ಗಿಸಿ ಕೊಂಬೆ ಬದಲಿಸಿತು. ಇನ್ನೊಂದು ಸಲ ಎರಗಿದರೆ ಮರವನ್ನೇ ಬಿಟ್ಟು ಹೋಗುತ್ತದೆ ಎಂದಳು ಕರೀನ್.

ನಾನು ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬರುವಾಗ ತಂದಿದ್ದ ಬುತ್ತಿಯ ಸ್ಟೀಲ್ ಡಬ್ಬಿಯನ್ನು ಸೌಟಿನಿಂದ ಬಾರಿಸುತ್ತ ಗಡ್ಡೆಯ ಹೊಲಕ್ಕೆ ಇಳಿದೆ. "ಹೋಗ್ರಲೇ! ಹೋಗ್ರೀ ಅತ್ಲಾಗ! ನಿಮ್ಮ ಮನೀ ಹಾಳಾಗ!" ಮಳೆ ಬಿದ್ದ ಮಣ್ಣು, ಒಂದು ಬೂಟು ಕೆಸರಿನಲ್ಲೇ ನಿಂತಿತು, ನಾನು ಮುಂದೆ ಹೋದೆ, ಗಡ್ಡೆಗಳ ಮೇಲೆ ದೊಪ್ಪೆಂದು ಕೂತೆ. ಕೂತಲ್ಲಿಂದಲೇ ಡಬ್ಬಿ ಬಾರಿಸಿದೆ. ಕಾಗೆಗಳು ಹೋದವು! ಕಾಗೆ ಓಡಿಸುವ ಕೆಲಸಕ್ಕೆಂದು ಬೆಳೆಸಿದ ಗಿಡುಗವನ್ನು ಕಾಗೆಗಳಿಂದ ಕಾಯುವ ಭಾಗ್ಯ ನನ್ನದಾಯಿತು.

ಟ್ರ್ಯಾಕ್ಟರಿನಲ್ಲಿ ಹೋಗುತ್ತಿದ್ದ ರೈತ ನಿಲ್ಲಿಸಿ ನೋಡಿದ. ಕೆಸರಿನಲ್ಲಿ ಕೂತು ಡಬ್ಬಿ ಬಾರಿಸುವ ಸೀರೆಯ ಹೆಂಗಸು. ಅವನು ಒಂದು ಕೈ ಎತ್ತಿ "ಹೇಯ್" ಎಂದು ಹೊರಟುಹೋದ, ಅಷ್ಟೇ! ನಮ್ಮ ಕಡೆ ಆಗಿದ್ದರೆ ಹತ್ತು ನಿಮಿಷದಲ್ಲಿ ನೂರು ಜನ, ನೂರು ಸಲಹೆ, ಮರ ಹತ್ತಲು ಇಬ್ಬರು, ಮಿರ್ಚಿ ಬಜ್ಜಿಯ ಗಾಡಿ ಒಂದು. ನನಗೆ ಬೇಜಾರೇ ಆಯಿತು.

ಹಗಲೆಲ್ಲ ಮೇಲೆ ನೋಡುವುದೇ ಕೆಲಸವಾದ್ದರಿಂದ ಕರೀನ್ ನನಗೆ ಆಕಾಶ ಓದುವುದನ್ನು ಕಲಿಸಿದಳು. ಬಾಲವನ್ನು ಚುಕ್ಕಾಣಿಯ ಹಾಗೆ ಆಚೀಚೆ ತಿರುಗಿಸಿದರೆ ಗ್ಲಾದಾ. ಬೇಲಿ ಕಂಬಕ್ಕೊಂದರಂತೆ ಗುಮ್ಮನೆ ಕೂತಿರುವ ದಪ್ಪನೆಯದು ಇಲಿ ಹಿಡಿಯುವ ಗಿಡುಗ. ನಾಲ್ಕು ಸಲ ರೆಕ್ಕೆ ಬಡಿದು ಒಂದು ಸಲ ಜಾರಿದರೆ ಗುಬ್ಬಿ ಹಿಡಿಯುವ ಪುಟ್ಟ ಬಿಜ್ಜು. ಮಧ್ಯಾಹ್ನ ಮೂವತ್ತು ನಲವತ್ತು ದಪ್ಪ ಗಿಡುಗಗಳು ಒಟ್ಟಿಗೆ ಗಿರಕಿ ಹೊಡೆಯುತ್ತ ಮೇಲೇರಿ, ಚುಕ್ಕಿಗಳಾಗಿ, ದಕ್ಷಿಣಕ್ಕೆ ಸಮುದ್ರದ ಕಡೆ ಹೊರಟವು. ಚಳಿಗೆ ಊರು ಬಿಟ್ಟು ಹೋಗುವವು. ಸಿಗ್ನೆ ಕತ್ತು ಹೊರಳಿಸಿ ಅವು ಮರೆಯಾಗುವವರೆಗೆ ನೋಡಿತು. ಕರೀನ್ ಸಿಗ್ನೆಯನ್ನು ನೋಡಿದಳು. ನಾನು ಇಬ್ಬರನ್ನೂ ನೋಡಿ, ಹೋಗಬ್ಯಾಡ ನನ್ನವ್ವ ಎಂದು ಒಳಗೊಳಗೇ ಬೇಡಿಕೊಂಡೆ. ಅದು ಹೋಗಲಿಲ್ಲ. ಕೆಳಗೂ ಬರಲಿಲ್ಲ.

ಊಟದ ಹೊತ್ತಿಗೆ ಕರೀನ್ ಬುಟ್ಟಿಯಿಂದ ಮೂರು ಬನ್ನು ಬಂದವು. ನನ್ನ ಡಬ್ಬಿಯಿಂದ ಜೋಳದ ರೊಟ್ಟಿ, ಜುಣಕ, ಶೇಂಗಾ ಚಟ್ನಿ. ಕರೀನ್ ಮೊದಲ ತುತ್ತಿಗೆ ಕಣ್ಣೀರು ಸುರಿಸಿದಳು, ಎರಡನೆಯ ರೊಟ್ಟಿ ಕೇಳಿದಳು. ತಿನ್ನುತ್ತ ಹಳೆಯ ಗಿಡುಗದ ಕಥೆ ಹೇಳಿದಳು. ಅದು ಕೈಯಲ್ಲಿ ಏನೂ ಇಲ್ಲದಿದ್ದರೂ ಮರದಿಂದ ಮರಕ್ಕೆ ಅವಳ ಹಿಂದೆಯೇ ಬರುತ್ತಿತ್ತಂತೆ, ನಾಯಿಯ ಹಾಗೆ. "ಇವಳು ಬರುವುದು ಮಾಂಸಕ್ಕೆ. ನನಗಾಗಿ ಅಲ್ಲ. ಒಂದು ಹಕ್ಕಿಗೆ ಅಷ್ಟು ಸಾಕು. ನನಗೆ ಸಾಕೋ ಇಲ್ಲವೋ ಗೊತ್ತಿಲ್ಲ" ಎಂದಳು. ಇದನ್ನು ಅವಳು ನನಗೇ ಹೇಳಿದಳು, ಇಂಗ್ಲಿಷಿನಲ್ಲಿ, ಮರದ ಕಡೆ ನೋಡುತ್ತ. ಕೊಟ್ಟುಬಿಡುವ ಮಾತು ಅವಳ ಮನಸ್ಸಿನಿಂದ ಇನ್ನೂ ಹೋಗಿಲ್ಲ ಎಂದು ನನಗೆ ತಿಳಿಯಿತು. ಬಂದರಷ್ಟೇ ಸಾಲದು, ಈ ಹಕ್ಕಿ ಇವಳ ಬಳಿ ಉಳಿಯಬೇಕು ಎಂದು ನನಗೆ ಹಟ ಹಿಡಿಯಿತು. ಆದರೆ ಹಟ ಹಿಡಿದು ಮಾಡುವುದೇನು? ಉಣಿಸುವುದೊಂದೇ ನನಗೆ ಗೊತ್ತಿದ್ದ ವಿದ್ಯೆ, ಅದೇ ನಿಷಿದ್ಧ.

ಸೋಮವಾರ

ಶೈಲಾ ಲ್ಯಾಬಿಗೆ ಫೋನು ಮಾಡಿ, ಗಿಡುಗ ಮರದ ಮೇಲಿದೆ, ಇಂದು ಬರುವುದಿಲ್ಲ ಎಂದಳು. ಆ ಕಡೆಯವರು ಸರಿ, ಒಳ್ಳೆಯದಾಗಲಿ ಎಂದರಂತೆ. ನಾನೂ ಒಂದು ದಿನ ಖಾನಾವಳಿಯ ಹುಡುಗರಿಗೆ ಇದೇ ಕಾರಣ ಕೊಡ್ರಪ್ಪ ಎನ್ನಬೇಕು.

ಬೆಳಗಿನ ಹಿಮ ಹುಲ್ಲಿನ ಮೇಲೆ ಸಕ್ಕರೆಯ ಹಾಗೆ ಕೂತಿತ್ತು. ಸಿಗ್ನೆ ಗರಿಗಳನ್ನು ಮೈಗೆ ಒತ್ತಿಕೊಂಡು ಸಪೂರಾಗಿತ್ತು, ಕೊರಳ ಗಂಟು ಕರಗಿತ್ತು. ಎರಡೂ ಕಾಲ ಮೇಲೆ ನಿಂತು ಕೆಳಗೆ ನೋಡುತ್ತಿತ್ತು. ಇದೂ ನನಗೆ ಗೊತ್ತಿದ್ದ ನಿಲುವೇ, ಮಧ್ಯಾಹ್ನ ಹನ್ನೆರಡೂವರೆಗೆ ನಮ್ಮ ಬಾಗಿಲಲ್ಲಿ ನಿಲ್ಲುವವರದು.

"ಶೈಲಿ, ಈಗ ಹಸದೈತಿ ನೋಡು. ಹೇಳು ಅಕಿಗೆ."

ಕರೀನ್ ಕೈ ಚಾಚಿ ಒಂದೇ ಒಂದು ಸೀಟಿ ಊದಿದಳು. ಸಿಗ್ನೆ ಕೊಂಬೆಯಿಂದ ಕಲ್ಲಿನ ಹಾಗೆ ಬಿದ್ದು, ನೆಲಕ್ಕೆ ಇನ್ನೇನು ತಾಗಬೇಕು ಎನ್ನುವಾಗ ರೆಕ್ಕೆ ಬಿಚ್ಚಿ, ಹಿಮದ ಮೇಲೆ ಒಂದು ಮೊಳ ಎತ್ತರದಲ್ಲಿ ಉದ್ದಕ್ಕೂ ತೇಲಿ ಬಂದು, ಕೈಗವಸಿನ ಮೇಲೆ ಧಪ್ಪೆಂದು ಕೂತಿತು. ನಾನು ಕಿರುಚದಿರಲು ಸೆರಗು ಬಾಯಿಗೆ ತುರುಕಿಕೊಂಡೆ. ಚೂರು ಮಾಂಸ ನುಂಗಿ ಇನ್ನೂ ಬೇಕು ಎಂದು ನನ್ನತ್ತ ನೋಡಿತು. ನನ್ನತ್ತಲೇ!

"ಇನ್ನೊಂದ್ ಚೂರು ಕೊಡ್ಲಿ, ಶೈಲಿ. ಸಣ್ಣದು."

"ಯಕ್ಕಾ!"

ಮುಗಿಯಿತು, ಇನ್ನು ಕಾಲಿಗೆ ದಾರ ಕಟ್ಟಿ ಮನೆಗೆ ಹೊರಡುವುದು ಎಂದುಕೊಂಡೆ. ಕರೀನ್ ದಾರ ಕಟ್ಟಲಿಲ್ಲ. ಸೊಂಟದ ಮಾಂಸದ ಚೀಲ ಬಿಚ್ಚಿ ನನ್ನ ಕೈಗೆ ಕೊಟ್ಟಳು. ಊಟದ ಡಬ್ಬಿಯನ್ನೂ ಕೊಟ್ಟಳು. ನೀನು ಇಲ್ಲಿಯೇ ನಿಲ್ಲು, ಮುಚ್ಚಳ ತೆಗೆದು ಹಿಡಿದುಕೋ, ಸಿಗ್ನೆ ಬಂದರೆ ಕೊಡು ಎಂದಳು. ಆಮೇಲೆ ಕೈ ಮೇಲೆತ್ತಿ ಸಿಗ್ನೆಯನ್ನು ಮತ್ತೆ ಗಾಳಿಗೆ ಬಿಟ್ಟುಬಿಟ್ಟಳು!

"ಅಯ್ಯ, ಈಗರೆ ಬಂದೈತಿ, ಮತ್ತ ಬಿಟ್ಲಲ್ಲಲೇ! ಹುಚ್ಚಿ ಏನು ಈಕಿ?"

ಶೈಲಾ ಪಿಸುಗುಟ್ಟಿದಳು, "ಸುಮ್ನಿರಕ್ಕಾ. ಇದನ್ನ ಯಾವ ಗಿಡುಗದವರೂ ಮಾಡಲ್ವಂತೆ. ಆದ್ರೆ ಸಿಗ್ನೆ ಬರೋದು ಮಾಂಸಕ್ಕೋ ತನಗಾಗೋ ಅಂತ ಅವಳಿಗೆ ಗೊತ್ತಾಗ್ಬೇಕಂತೆ. ಊಟ ನಿನ್ನ ಹತ್ರ ಇದೆ. ಅವಳ ಕೈಯಲ್ಲಿ ಏನೂ ಇಲ್ಲ. ನಿನ್ನ ಹತ್ರ ಬಂದ್ರೆ ಸಿಗ್ನೆನ ನಾಳೆನೇ ಬೇರೆಯವರಿಗೆ ಕೊಡ್ತಾಳಂತೆ."

ಸಿಗ್ನೆ ಅದೇ ಪಾಪ್ಲರ್ ಮರದ ಮೇಲೆ ಕೂತಿತು. ಕರೀನ್ ನಮಗೆ ಬೆನ್ನು ಹಾಕಿ ಬದುವಿನುದ್ದಕ್ಕೂ ನಡೆದಳು. ಸೀಟಿ ಇಲ್ಲ, ಕರೆ ಇಲ್ಲ, ತಿರುಗಿ ನೋಡುವುದಿಲ್ಲ. ಖಾಲಿ ಕೈಗವಸು ಪಕ್ಕಕ್ಕೆ ಚಾಚಿದ್ದಳು, ಅಷ್ಟೇ. ನಾನು ತೆರೆದ ಡಬ್ಬಿ ಹಿಡಿದು ನಿಂತಿದ್ದೆ. ಜೀವಮಾನದಲ್ಲಿ ಮೊದಲ ಸಲ, ಅನ್ನ ಕೈಯಲ್ಲಿ ಹಿಡಿದು, ಬರಬ್ಯಾಡ ನನ್ನವ್ವ, ನನ್ನ ಕಡೆ ಬರಬ್ಯಾಡ ಎಂದು ಬೇಡಿಕೊಂಡೆ.

ಕರೀನ್ ನೂರು ಹೆಜ್ಜೆ ದಾಟಿದಳು. ಸಿಗ್ನೆ ಕೊಂಬೆ ಬಿಟ್ಟಿತು. ನೇರ ನನ್ನ ಕಡೆಗೇ ಬಂತು. ಹಳದಿ ಕಾಲು, ಆ ವಸೂಲಿಯ ಕಣ್ಣು, ಎಲ್ಲ ದೊಡ್ಡದಾಗುತ್ತ ಬಂತು. ಶೈಲಾ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು. ಡಬ್ಬಿಯ ಮೇಲೆ ನೆರಳು ಬಿತ್ತು, ರೆಕ್ಕೆಯ ಗಾಳಿ ಮುಖಕ್ಕೆ ಬಡಿಯಿತು, ಸೆರಗು ತಲೆಯಿಂದ ಜಾರಿತು. ಕಣ್ಣು ತೆರೆದಾಗ ಅದು ನನ್ನನ್ನು ದಾಟಿ, ಬದುವಿನುದ್ದಕ್ಕೂ ಹೋಗಿ, ಹಿಂದಿರುಗಿ ನೋಡದೆ ನಡೆಯುತ್ತಿದ್ದ ಆ ಉದ್ದನೆಯ ಹೆಂಗಸಿನ ಖಾಲಿ ಕೈಮೇಲೆ ಕೂತಿತ್ತು. ಕರೀನ್ ನಿಂತಲ್ಲೇ ನಿಂತುಬಿಟ್ಟಳು. ಆ ಕೈಯ ಕಡೆಗೆ ಮುಖ ತಿರುಗಿಸಲು ಅವಳಿಗೆ ಎಷ್ಟೋ ಹೊತ್ತು ಬೇಕಾಯಿತು.

ನಾನು ಡಬ್ಬಿಯನ್ನು ತಲೆಯ ಮೇಲೆತ್ತಿ ಆ ಹೊಲದಲ್ಲಿ ಕುಣಿದೆ. "ಲೇ ಶೈಲಿ! ನನ್ನ ಊಟ ಬಿಟ್ಟು ಹೋತಲೇ! ನೋಡಿದ್ಯೇನ, ನನ್ನ ಊಟ ಬ್ಯಾಡಂತ ಹೋತು!"